ಗಲ್ಲಾದ ಪಕ್ಕದಿಂದ ನಮ್ಮ ಪೆಪ್ಪರಮೆಂಟು ಡಬ್ಬಿ ಹೋಯಿತು: ಆಮದು ಜೆಲ್ಲಿಯೇ ಕಾರಣವೇ?

ಪಾಕದಮನೆ (ತುಮಕೂರು)

ನಗರದ ಹೊರವಲಯದಲ್ಲಿ ನಮ್ಮದೊಂದು ಚಿಕ್ಕ ಪೆಪ್ಪರಮೆಂಟು ಕಾರ್ಖಾನೆ ಇದೆ. ಅಪ್ಪ ಕಟ್ಟಿದ್ದು, ಈಗ ನಾನು ಮತ್ತು ತಮ್ಮ ನೋಡಿಕೊಳ್ಳುತ್ತೇವೆ. ನಿಂಬೆಹುಳಿ, ಶುಂಠಿ, ಜೀರಿಗೆ, ಕಿತ್ತಳೆ ತೊಳೆ ವರ್ಷವಿಡೀ ನಡೆಯುತ್ತವೆ. ಸಿದ್ಧಗಂಗೆ, ಗುಬ್ಬಿ ಜಾತ್ರೆಗಳ ಹೊತ್ತಿಗೆ ಬೆಂಡು ಬತ್ತಾಸು ಮಾಡುತ್ತೇವೆ. ಸಿರಾ, ಮಧುಗಿರಿ, ಕೊರಟಗೆರೆ, ಕುಣಿಗಲ್ ಲೈನುಗಳಿಗೆ ನಮ್ಮ ಆಟೋ ಹೋಗುತ್ತಿತ್ತು. ಈಗ ಕುಣಿಗಲ್ ಲೈನು ನಿಲ್ಲಿಸಿದ್ದೇವೆ, ಡೀಸೆಲ್ ಕಾಸೂ ಹುಟ್ಟುತ್ತಿರಲಿಲ್ಲ.

ಯಾವ ಅಂಗಡಿಗೆ ಹೋದರೂ ಗಲ್ಲಾದ ಪಕ್ಕ ನಮ್ಮ ಡಬ್ಬಿ ಇರುತ್ತಿದ್ದ ಜಾಗದಲ್ಲಿ ಈಗ ಹೊರದೇಶದ ಜೆಲ್ಲಿ, ಕಣ್ಣುಗುಡ್ಡೆಯ ಆಕಾರದ ಗಮ್ಮಿ, ಹಾವಿನ ಆಕಾರದ ಹುಳಿ ಕ್ಯಾಂಡಿ. ಪೊಟ್ಟಣ ತಿರುಗಿಸಿದರೆ ಮಲೇಷ್ಯಾ, ಟರ್ಕಿ, ಇಂಡೋನೇಷ್ಯಾ. ಅದನ್ನೇ ನಾನು ಇಲ್ಲಿ ಮಾಡಿದರೆ ಆ ದರಕ್ಕೆ ಕೊಡಲು ಸಾಧ್ಯವೇ ಇಲ್ಲ. ಹಡಗು ಏರಿ, ಸುಂಕ ಕಟ್ಟಿ, ಚೆನ್ನೈ ಬಂದರಿನಿಂದ ಲಾರಿಯಲ್ಲಿ ಬಂದ ಮೇಲೂ ಅದು ಅಷ್ಟು ಅಗ್ಗವಾಗಿರುವುದು ಹೇಗೆ?

ನನಗೆ ಕಾಣುವ ಕಾರಣ ಸಕ್ಕರೆ. 2018ರಿಂದ ಸಕ್ಕರೆ ಆಮದಿಗೆ ಶೇ 100ರಷ್ಟು ಸುಂಕವಿದೆ. 2019ರ ಫೆಬ್ರುವರಿಯಲ್ಲಿ ಸಕ್ಕರೆ ಕಾರ್ಖಾನೆಯ ಕನಿಷ್ಠ ಮಾರಾಟ ದರವನ್ನು ಕೆ.ಜಿ.ಗೆ 31 ರೂಪಾಯಿ ಎಂದು ಗೊತ್ತುಮಾಡಿದರು. ಕಬ್ಬು ಬೆಳೆಗಾರರ ಬಾಕಿ ತೀರಲಿ ಎಂಬುದು ಉದ್ದೇಶ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದೇ ಸಕ್ಕರೆಯನ್ನು ಬೇರೆ ದೇಶದಲ್ಲಿ ಕುದಿಸಿ, ಬಣ್ಣ ಹಾಕಿ, ಹಾಳೆ ಸುತ್ತಿ ತಂದರೆ ಮೂಲ ಸುಂಕ ಶೇ 30 ಮಾತ್ರ. ಬರೀ ಸಕ್ಕರೆ ಒಳಗೆ ಬರುವಂತಿಲ್ಲ, ಪೆಪ್ಪರಮೆಂಟಾಗಿ ಬಂದರೆ ಬರಬಹುದು. ಜಗತ್ತಿನ ದರದಲ್ಲಿ ಸಕ್ಕರೆ ಕೊಂಡವನ ಜೊತೆ ಇಲ್ಲಿನ ದರದಲ್ಲಿ ಕೊಂಡವನು ಪೈಪೋಟಿ ಮಾಡಬೇಕು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಇದೇ ಕಸುಬಿನವರು ಯಾರಾದರೂ ಈ ವೇದಿಕೆಯಲ್ಲಿದ್ದರೆ ಹೇಳಿ. ಸೇರಿ ಒಂದು ಮನವಿ ಕೊಡಬಹುದೇ ಎಂದು ಯೋಚಿಸುತ್ತಿದ್ದೇನೆ.

ಗೌರಿಬಿದನೂರು ಹುಡುಗ

ಎಲ್ಲವೂ ಚೀನಾ ಸರಕು. ಹೆಸರು ಮಾತ್ರ ಬೇರೆ ದೇಶದ್ದು. ಒಂದೇ ಏಟಿಗೆ ನಿಷೇಧಿಸಿದರೆ ಎಲ್ಲ ಸರಿಹೋಗುತ್ತದೆ.

ಲೆಕ್ಕದಪುಸ್ತಕ (ಕೋಲಾರ)

ತಮ್ಮಾ, ಚೀನಾದ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ, ಚಾಕೊಲೇಟ್ ಸೇರಿದಂತೆ, 2008ರ ಸೆಪ್ಟೆಂಬರ್‌ನಿಂದಲೇ ನಿಷೇಧವಿದೆ. ಅಲ್ಲಿನ ಹಾಲಿಗೆ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದ ಪ್ರಕರಣವಾದ ಮೇಲೆ ಬಂದದ್ದು, ಆಮೇಲೆ ಮತ್ತೆ ಮತ್ತೆ ಮುಂದುವರಿಸಿದರು. ಬಂದರುಗಳ ಪ್ರಯೋಗಾಲಯಗಳಲ್ಲಿ ಮೆಲಮೈನ್ ಪರೀಕ್ಷೆಯ ಸೌಲಭ್ಯ ಬರುವವರೆಗೂ ಇರಲಿ ಎಂದು 2019ರಲ್ಲಿ ಹೇಳಿದರು. ಹಾಲಿಲ್ಲದ ಜೆಲ್ಲಿಗೆ ಆ ನಿಷೇಧ ತಾಗುವುದಿಲ್ಲ ಎಂಬುದು ಬೇರೆ ಮಾತು.

ಪಾಕದಮನೆಯವರೇ, ಸುಂಕದ ಲೆಕ್ಕವನ್ನು ಪೂರ್ತಿ ಹಾಕೋಣ. ಬಂದರಿಗೆ 100 ರೂಪಾಯಿ ಮೌಲ್ಯದ ಕ್ಯಾಂಡಿ ಬಂತು ಎನ್ನಿ. ಮೂಲ ಸುಂಕ 30. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಮೇಲ್ತೆರಿಗೆ, ಅಂದರೆ 3. ಒಟ್ಟು 133. ಇದರ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕುವ ಜಿಎಸ್‌ಟಿ. ಜೆಲ್ಲಿ, ಚಾಕೊಲೇಟುಗಳಿಗೆ ಮೊದಲು ಶೇ 18 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 5. ಹಾಗಾಗಿ 156 ರೂಪಾಯಿ 94 ಪೈಸೆ ಆಗುತ್ತಿದ್ದದ್ದು ಈಗ 139 ರೂಪಾಯಿ 65 ಪೈಸೆ. ಆಮದುದಾರ ಐಜಿಎಸ್‌ಟಿಯನ್ನು ತಾನು ಮುಂದೆ ಕಟ್ಟಬೇಕಾದ ತೆರಿಗೆಗೆ ಹೊಂದಿಸಿಕೊಳ್ಳುತ್ತಾನೆ, ಆದ್ದರಿಂದ ಅವನ ಮೈಮೇಲೆ ನಿಲ್ಲುವುದು 33 ಮಾತ್ರ.

ನಿಮ್ಮಂಥವರು ಗಮನಿಸದ ಇನ್ನೊಂದು ಸಂಗತಿ ಇದೆ. ಸಕ್ಕರೆ ಕುದಿಸಿ ಮಾಡುವ ಪೆಪ್ಪರಮೆಂಟಿಗೆ 2018ರಿಂದ ಶೇ 12 ಇತ್ತು, ಜೆಲ್ಲಿ ಚಾಕೊಲೇಟಿಗೆ ಶೇ 18. ಈಗ ಎಲ್ಲವೂ 5. ತೆರಿಗೆ ಇಳಿಯಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದರು, ನಿಮಗಿದ್ದ ಆರು ಅಂಕದ ಅನುಕೂಲ ಸದ್ದಿಲ್ಲದೆ ಹೋಯಿತು. ಮೇಲಿಂದ ನಿಮ್ಮ ಪ್ಲಾಸ್ಟಿಕ್ ಡಬ್ಬಿ, ಸುತ್ತುವ ಹಾಳೆ, ಎಸೆನ್ಸ್ ಎಲ್ಲ ಇನ್ನೂ ಶೇ 18ರಲ್ಲೇ ಇವೆ. ಹೆಚ್ಚು ಕಟ್ಟಿದ್ದನ್ನು ಮರುಪಾವತಿ ಕೇಳಬಹುದು. ಕೇಳುತ್ತಿದ್ದೀರಾ?

ಪಾಕದಮನೆ (ತುಮಕೂರು)

ಇಲ್ಲ ಸರ್. ಮರುಪಾವತಿ ಅರ್ಜಿ ಹಾಕಿಸುವ ಖರ್ಚು, ಓಡಾಟ ನೋಡಿದರೆ ಬರುವ ಹಣ ಅಲ್ಲಿಗೆ ಅಲ್ಲಿಗೆ ಎಂದು ನಮ್ಮ ಲೆಕ್ಕಿಗರೇ ಕೈಬಿಟ್ಟರು.

ಮಂಡಿಪೇಟೆ ಸಗಟು

ಸುಂಕ, ಸಕ್ಕರೆ ಎಲ್ಲ ಇರಲಿ. ಡಬ್ಬಿ ಏಕೆ ಹೋಯಿತು ಎಂದು ನಾನು ಹೇಳುತ್ತೇನೆ, ಏಕೆಂದರೆ ತೆಗೆದವರು ನಮ್ಮಂಥವರೇ.

ಚಿಲ್ಲರೆ ಅಂಗಡಿಯವನಿಗೆ ನಿಮ್ಮ ಒಂದು ರೂಪಾಯಿ ಪೆಪ್ಪರಮೆಂಟಿನಲ್ಲಿ ಉಳಿಯುವುದು 25 ಪೈಸೆ ಆಸುಪಾಸು. ಐದು ರೂಪಾಯಿ ಜೆಲ್ಲಿ ಒಂದನ್ನು ಮಾರಿದರೆ ಒಂದೂವರೆ ರೂಪಾಯಿ. ನಿಮ್ಮದು ಆರು ಮಾರಿದರೆ ಅಷ್ಟಾಗುತ್ತದೆ. ಆರು ಸಲ ಡಬ್ಬಿ ಮುಚ್ಚಳ ತೆಗೆಯಬೇಕು, ಆರು ಸಲ ಕಾಸು ಎಣಿಸಬೇಕು. ಮಗು ಬಂದು ಕೈ ತೋರಿಸುವುದು ಕಣ್ಣೆದುರು ನೇತುಹಾಕಿದ್ದನ್ನು. ಏನು ನೇತುಹಾಕಬೇಕು ಎಂಬುದನ್ನು ಅಂಗಡಿಯವನು ಮಗುವಿನ ಜೇಬು ನೋಡಿ ತೀರ್ಮಾನಿಸುವುದಿಲ್ಲ, ತನ್ನ ಗಲ್ಲಾ ನೋಡಿ ತೀರ್ಮಾನಿಸುತ್ತಾನೆ. ಎಲ್ಲರೂ ಅಗ್ಗದ ಆಮದು ಎನ್ನುತ್ತೀರಿ. ಅದು ಅಗ್ಗವಾಗಿರುವುದು ನನಗೆ ಮತ್ತು ಅಂಗಡಿಯವನಿಗೆ. ಕೊಳ್ಳುವ ತಾಯಿಗೆ ಅದು ನಿಮ್ಮ ಪೆಪ್ಪರಮೆಂಟಿಗಿಂತ ಐದು ಪಟ್ಟು ದುಬಾರಿ.

ಇನ್ನೊಂದು. ನೀವು ಹೊರದೇಶದ್ದು ಎಂದುಕೊಂಡಿರುವುದರಲ್ಲಿ ಎಷ್ಟೋ ಸರಕು ಹೊರದೇಶದ್ದೇ ಅಲ್ಲ. ಮೇಲೆ ಅರ್ಥವಾಗದ ಲಿಪಿ, ಹಳದಿ ಕೂದಲಿನ ಗೊಂಬೆ. ಹಿಂದೆ ಚಿಕ್ಕ ಅಕ್ಷರದಲ್ಲಿ ಇಂದೋರ್, ರಾಜಕೋಟ್, ಹೈದರಾಬಾದ್. ನನ್ನ ಗೋದಾಮಿನಲ್ಲಿ ನಿಜವಾದ ಆಮದಿನ ಪಕ್ಕದಲ್ಲೇ ಅವೂ ಇವೆ. ಆಮದು ನಿಲ್ಲಿಸಿದರೆ ನಾಳೆ ಆ ಜಾಗಕ್ಕೆ ಇಂದೋರಿನವರು ಬರುತ್ತಾರೆ, ನಮ್ಮ ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದವರು ಬರುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ.

ಪಾಕದಮನೆ (ತುಮಕೂರು)

ಬೇಸರವೇನಿಲ್ಲ ಅಣ್ಣ, ಆದರೆ ಅರ್ಧ ಕಥೆ ಹೇಳಿದಿರಿ. ಆಮದು ಸರಕಿಗೆ ನೀವು ಮುಂಗಡ ಕಟ್ಟುತ್ತೀರಿ, ಒಡೆದದ್ದು ಕರಗಿದ್ದು ನಿಮ್ಮ ತಲೆಗೇ. ನಮ್ಮಿಂದ ತೆಗೆದುಕೊಂಡರೆ ತಿಂಗಳುಗಟ್ಟಲೆ ಉದ್ದರಿ. ಮಳೆಗಾಲದಲ್ಲಿ ತೇವ ಎಳೆದು ಅಂಟಿಕೊಂಡ ಡಬ್ಬಿ ವಾಪಸು ನಮಗೇ. ನಮ್ಮ ದುಡ್ಡಿನಲ್ಲೇ ನೀವು ಅವರ ಸರಕಿಗೆ ಮುಂಗಡ ಕಟ್ಟುತ್ತಿದ್ದೀರಿ ಎಂದು ಹೇಳಿದರೆ ತಪ್ಪಾದೀತೇ? ನಮ್ಮ ತಮ್ಮ ಹೋದ ವರ್ಷದ ಬಾಕಿ ವಸೂಲಿಗೆ ಈಗಲೂ ಒಬ್ಬ ಸಗಟು ವ್ಯಾಪಾರಿಯ ಬಾಗಿಲು ಕಾಯುತ್ತಿದ್ದಾನೆ. ಅದು ನೀವಲ್ಲ ಎಂದುಕೊಳ್ಳುತ್ತೇನೆ.

ಮಂಡಿಪೇಟೆ ಸಗಟು

ನಾನಲ್ಲ. ಉದ್ದರಿಯ ಮಾತು ಮಾತ್ರ ನಿಜ.

ಪಾವಗಡದ ಮೇಷ್ಟ್ರು

ಆಮದಿನ ಮಾತಿನಲ್ಲಿ ಯಾರೂ ಫೋನಿನ ಹೆಸರೆತ್ತಲಿಲ್ಲ. ಪೆಪ್ಪರಮೆಂಟಿನಲ್ಲಿ ಒಂದು ಪಾಲು ಯಾರೂ ಕೇಳಿ ಕೊಂಡದ್ದಲ್ಲ, ಚಿಲ್ಲರೆ ಇಲ್ಲವೆಂದು ಅಂಗಡಿಯವನು ಕೈಗೆ ತುರುಕಿದ್ದು. ಸೋಪಿಗೆ 38 ಆಯಿತು, 40 ಕೊಟ್ಟೆ, ಎರಡು ಶುಂಠಿ ಪೆಪ್ಪರಮೆಂಟು ಬಂತು. 2016ರಲ್ಲಿ ಯುಪಿಐ ಬಂತು. ಈಗ ನಮ್ಮೂರಿನ ಎಳನೀರು ಮಾರುವ ಅಜ್ಜಿಯೂ ಕ್ಯೂಆರ್ ಫಲಕ ನೇತುಹಾಕಿದ್ದಾರೆ. 38 ಎಂದರೆ 38 ಹೋಗುತ್ತದೆ, ಚಿಲ್ಲರೆಯ ಪ್ರಶ್ನೆಯೇ ಇಲ್ಲ. ಆ ಮಾರಾಟವನ್ನು ಕಿತ್ತುಕೊಂಡದ್ದು ಯಾವ ದೇಶ?

ನಾಣ್ಯದ ಕಥೆಯೂ ಇದಕ್ಕೆ ಸೇರಿದ್ದು. 25 ಪೈಸೆ 2011ರ ಜೂನ್ 30ಕ್ಕೆ ಅಧಿಕೃತವಾಗಿ ಮುಗಿಯಿತು. 50 ಪೈಸೆ ಕಾನೂನಿನಲ್ಲಿ ಇನ್ನೂ ಚಲಾವಣೆಯಲ್ಲಿದೆ, ಸಂತೆಯಲ್ಲಿ ಕೊಟ್ಟು ನೋಡಿ, ಮುಖ ನೋಡುತ್ತಾರೆ. ಅಲ್ಲಿಂದ ಪೆಪ್ಪರಮೆಂಟು ಒಂದು ರೂಪಾಯಿಗೆ ನಿಂತದ್ದು ಅಲ್ಲಾಡಿಲ್ಲ. ಸಕ್ಕರೆ, ಗ್ಲೂಕೋಸ್, ಕೂಲಿ ಏರುತ್ತವೆ, ಬೆಲೆ ಏರಿಸಲು ಒಂದೂಕಾಲು ರೂಪಾಯಿ ಎಂಬ ನಾಣ್ಯವಿಲ್ಲ. ತೂಕ ಇಳಿಸುತ್ತಾ ಹೋಗಬೇಕು, ಅದಕ್ಕೂ ಒಂದು ಕೊನೆಯುಂಟು. ಮಹಾರಾಷ್ಟ್ರದ ರಾವಳ್‌ಗಾಂವ್ ಹಳೆಯ ಹೆಸರು, ಪಾನ್ ಪಸಂದ್ ಪೆಪ್ಪರಮೆಂಟು ಅವರದು. ಅದರ ಬ್ರಾಂಡುಗಳು 2024ರ ಫೆಬ್ರುವರಿಯಲ್ಲಿ 27 ಕೋಟಿ ರೂಪಾಯಿಗೆ ರಿಲಯನ್ಸ್ ಪಾಲಾದವು. ಒಂದು ಕಾಲದಲ್ಲಿ ದೇಶದ ಪ್ರತಿ ಗೂಡಂಗಡಿಯಲ್ಲಿ ಇದ್ದ ಹೆಸರುಗಳಿಗೆ ಕಟ್ಟಿದ ಬೆಲೆ ಅದು. ಕೋಲಾರದ ಗಡಿ ದಾಟಿದರೆ ಸಿಗುವ ಚಿತ್ತೂರಿನ ನ್ಯೂಟ್ರಿನ್ 2006ರಲ್ಲಿ ಗೋದ್ರೆಜ್ ಕೈಗೆ ಹೋಯಿತು, ಪ್ಯಾರಿ ಕಂಪನಿಯ ಮಿಠಾಯಿ ವಿಭಾಗ 2004ರಲ್ಲಿ ಕೊರಿಯಾದ ಲೊಟ್ಟೆ ಕಂಪನಿಗೆ. ಕಾರ್ಖಾನೆಗಳ ಒಡೆತನವೇ ಹೀಗೆ ಕೈ ಬದಲಾಗುತ್ತಿರುವಾಗ ಬಂದರಿನ ಪೆಟ್ಟಿಗೆಯನ್ನು ಮಾತ್ರ ನೋಡುತ್ತಾ ಕುಳಿತರೆ ಹೇಗೆ?

ಮಧುಗಿರಿ ಮೂಲ, ಈಗ ಮಿಷಿಗನ್

ಪಾಕದಮನೆಯವರ ಸಕ್ಕರೆ ವಾದಕ್ಕೆ ನಾನಿರುವ ರಾಜ್ಯದಲ್ಲೇ ಒಂದು ಸಾಕ್ಷಿ ಇದೆ. ಇಲ್ಲಿನ ಹಾಲೆಂಡ್ ಎಂಬ ಊರಿನಲ್ಲಿ ಲೈಫ್ ಸೇವರ್ಸ್ ಎಂಬ ನಡುವೆ ತೂತಿರುವ ಪೆಪ್ಪರಮೆಂಟಿನ ದೊಡ್ಡ ಕಾರ್ಖಾನೆ ಇತ್ತು. ಅಮೆರಿಕವೂ ಸಕ್ಕರೆ ಆಮದಿಗೆ ಮಿತಿ ಹಾಕಿ ಬೆಲೆ ಎತ್ತರದಲ್ಲಿ ಇಡುತ್ತದೆ. ಕೆನಡಾದಲ್ಲಿ ಸಕ್ಕರೆ ಜಗತ್ತಿನ ದರಕ್ಕೇ ಸಿಗುತ್ತದೆ. 2003ರ ಹೊತ್ತಿಗೆ ಕಂಪನಿ ತಯಾರಿಕೆಯನ್ನು ಕೆನಡಾದ ಮಾಂಟ್ರಿಯಲ್‌ಗೆ ಒಯ್ದಿತು. ಸಕ್ಕರೆ ಬೆಳೆಗಾರ ಉಳಿದ, ಸಕ್ಕರೆ ಕುದಿಸುವವನು ಕೆಲಸ ಕಳೆದುಕೊಂಡ.

ಲೆಕ್ಕದಪುಸ್ತಕ (ಕೋಲಾರ)

ಒಳ್ಳೆಯ ಉದಾಹರಣೆ. ಆದರೂ ಇಲ್ಲಿನ ಅಂಕಿ ಹಾಕಿ ನೋಡೋಣ. ಪೆಪ್ಪರಮೆಂಟು ಒಂದಕ್ಕೆ ನಾಲ್ಕು ಗ್ರಾಂ ಎಂದರೆ ಕೆ.ಜಿ.ಗೆ 250. ಗ್ರಾಹಕ ಕೊಡುವುದು 250 ರೂಪಾಯಿ. ಒಂದು ಕೆ.ಜಿ. ಸರಕಿನಲ್ಲಿ ಸಕ್ಕರೆ ಸುಮಾರು 600 ಗ್ರಾಂ, ಉಳಿದದ್ದು ಹೆಚ್ಚುಪಾಲು ಗ್ಲೂಕೋಸ್. ಹೊರಗಿನವನಿಗೆ ಸಕ್ಕರೆ ಕೆ.ಜಿ.ಗೆ ಹತ್ತು ರೂಪಾಯಿ ಕಡಿಮೆಗೆ ಸಿಕ್ಕಿತು ಎಂದೇ ಇಟ್ಟುಕೊಳ್ಳಿ, ಅವನಿಗೆ ಉಳಿಯುವುದು ಆರು ರೂಪಾಯಿ. ಒಂದು ಪೆಪ್ಪರಮೆಂಟಿಗೆ ಎರಡೂವರೆ ಪೈಸೆಯೂ ಇಲ್ಲ. ಈ ಎರಡೂವರೆ ಪೈಸೆ ಕುಣಿಗಲ್ ಲೈನನ್ನು ನಿಲ್ಲಿಸಿತೇ?

ಪಾಕದಮನೆ (ತುಮಕೂರು)

ಸರ್, 250 ರೂಪಾಯಿ ನನ್ನ ಕೈಗೆ ಬರುವುದಿಲ್ಲ. ಅಂಗಡಿಯವನ ಪಾಲು, ಸಗಟಿನವರ ಪಾಲು, ಡಬ್ಬಿ, ಹಾಳೆ, ಡೀಸೆಲ್, ಸೌದೆಯ ಬದಲು ಬಂದ ಗ್ಯಾಸು, ಸುತ್ತುವ ಹೆಣ್ಣುಮಕ್ಕಳ ಕೂಲಿ ಎಲ್ಲ ಕಳೆದು ನನಗೆ ಕೆ.ಜಿ.ಗೆ ಉಳಿಯುವುದೇ ಆರೇಳು ರೂಪಾಯಿ. ನೀವು ಎರಡೂವರೆ ಪೈಸೆ ಎಂದದ್ದು ನನ್ನ ಇಡೀ ಲಾಭ. ಇನ್ನು ಗ್ಲೂಕೋಸಿನ ಮಾತು. ಅದು ಬರುವುದು ಮೆಕ್ಕೆಜೋಳದ ಪಿಷ್ಟದಿಂದ. ಮೆಕ್ಕೆಜೋಳವೆಲ್ಲ ಎಥೆನಾಲ್ ಕಡೆಗೆ ಹೊರಟ ಮೇಲೆ ಅದರ ದರವೂ ಏರಿತು. ಗ್ಲೂಕೋಸ್ ಕಡಿಮೆ ಮಾಡಿದರೆ ಪಾಕ ಹರಳುಗಟ್ಟುತ್ತದೆ, ಬಾಯಿಗೆ ಮರಳಿನಂತೆ ಸಿಗುತ್ತದೆ. 145, 150 ಡಿಗ್ರಿಯಲ್ಲಿ ಕುದಿಯುವ ಬಾಣಲೆಯ ಮುಂದೆ ನಿಂತು ಅಳತೆಯಲ್ಲಿ ಜಿಪುಣತನ ಮಾಡುವ ಹಾಗಿಲ್ಲ.

ರೇಷ್ಮೆಗೂಡು (ಶಿಡ್ಲಘಟ್ಟ)

ನಮಗೆ ಇದೆಲ್ಲ ಹಳೆಯ ಕಥೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಮೇಲಿನ ಸುಂಕವನ್ನು ಶೇ 30ರಿಂದ ಒಂದೇ ಸಲಕ್ಕೆ 5ಕ್ಕೆ ಇಳಿಸಿದರು. ನೇಕಾರರಿಗೆ ನೂಲು ಅಗ್ಗವಾಗಲಿ ಎಂಬುದು ವಾದ. ಶಿಡ್ಲಘಟ್ಟ, ರಾಮನಗರ ಮಾರುಕಟ್ಟೆಗಳಲ್ಲಿ ಗೂಡಿನ ಧಾರಣೆ ಬಿದ್ದ ರೀತಿ ನೋಡಿದವರು ಮರೆಯುವುದಿಲ್ಲ. ಹಿಪ್ಪುನೇರಳೆ ತೋಟ ಕಿತ್ತು ಬೇರೆ ಬೆಳೆ ಇಟ್ಟವರು ನಮ್ಮ ಬೀದಿಯಲ್ಲೇ ಇದ್ದಾರೆ. ರಸ್ತೆ ತಡೆ, ಧರಣಿ ಎಲ್ಲ ಆಯಿತು. 2013ರಲ್ಲಿ ಶೇ 15ಕ್ಕೆ ಏರಿಸಿದರು.

ನಾವು ಗೆದ್ದೆವು ಎಂದು ಹೇಳುವುದಿಲ್ಲ, ಉಸಿರು ಸಿಕ್ಕಿತು. ಆ ಉಸಿರಿನಲ್ಲಿ ಏನು ಮಾಡಿದೆವು ಎಂಬುದೇ ಮುಖ್ಯ. ಚೀನಾ ನೂಲನ್ನು ಮಗ್ಗದವರು ಬಯಸುತ್ತಿದ್ದದ್ದು ಬೆಲೆಗೆ ಮಾತ್ರವಲ್ಲ, ಅದರ ಎಳೆ ಒಂದೇ ಸಮ ಇರುತ್ತಿತ್ತು, ವಿದ್ಯುತ್ ಮಗ್ಗದಲ್ಲಿ ತುಂಡಾಗುತ್ತಿರಲಿಲ್ಲ. ಒಂದೇ ಸಮನಾದ ಎಳೆ ಕೊಡುವ ದ್ವಿತಳಿ ಗೂಡು, ಸ್ವಯಂಚಾಲಿತ ನೂಲು ಬಿಚ್ಚುವ ಯಂತ್ರ ಹಾಕಿದವರು ಉಳಿದರು. ಸುಂಕ ಏರಿತಲ್ಲ, ಇನ್ನು ಚಿಂತೆಯಿಲ್ಲ ಎಂದು ಹಳೆಯ ಚರಕದಲ್ಲೇ ಕುಳಿತವರಲ್ಲಿ ಬಹಳ ಮಂದಿ ಉಳಿಯಲಿಲ್ಲ. ಮನವಿ ಕೊಡುವುದಾದರೆ ಕೊಡಿ. ಆದರೆ ನಮ್ಮ ಹಿಂದೆ ಲಕ್ಷಾಂತರ ಬೆಳೆಗಾರರ ಮತ ಇತ್ತು. ಪೆಪ್ಪರಮೆಂಟಿನ ಹಿಂದೆ ಎಷ್ಟಿದೆ?

ಲೆಕ್ಕದಪುಸ್ತಕ (ಕೋಲಾರ)

ಮನವಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸುರಿಮಾರಾಟ ತಡೆ ಸುಂಕ, ಅಂದರೆ ತೀರಾ ಅಗ್ಗಕ್ಕೆ ತಂದು ಸುರಿಯುವ ಸರಕಿನ ಮೇಲಿನ ಹೆಚ್ಚುವರಿ ಸುಂಕ, ಕೇಳುವುದಾದರೆ ಅರ್ಜಿ ಹೋಗಬೇಕಾದದ್ದು ವಾಣಿಜ್ಯ ಸಚಿವಾಲಯದಲ್ಲಿ ಇಂಥ ದೂರು ವಿಚಾರಿಸುವ ಡಿಜಿಟಿಆರ್ ನಿರ್ದೇಶನಾಲಯಕ್ಕೆ. ಅರ್ಜಿಯ ಪರ ನಿಲ್ಲುವ ತಯಾರಕರು ದೇಶದ ಒಟ್ಟು ಉತ್ಪಾದನೆಯಲ್ಲಿ ಕನಿಷ್ಠ ಕಾಲು ಭಾಗ ಮಾಡುತ್ತಿರಬೇಕು, ವರ್ಷಗಳ ಲೆಕ್ಕ ಒಪ್ಪಿಸಬೇಕು. ಬಾಣಲೆ ಇಟ್ಟು ಪಾಕ ಮಾಡುವವರು ಜಿಲ್ಲೆಗೊಬ್ಬರಂತೆ ಸೇರಿದರೂ ಆ ಕಾಲು ಭಾಗ ಮುಟ್ಟುವುದಿಲ್ಲ. ದೊಡ್ಡ ಕಂಪನಿಗಳು ಮುಂದೆ ಬಂದರೆ ಸಾಧ್ಯ, ಅವರಿಗೆ ಅಷ್ಟು ನೋವಿಲ್ಲ. ಅಗರಬತ್ತಿಗೆ 2019ರ ಆಗಸ್ಟ್‌ನಲ್ಲಿ ಆಮದು ನಿರ್ಬಂಧ ಬಂತು, ಮರುವರ್ಷ ಬಿದಿರು ಕಡ್ಡಿಯ ಸುಂಕ ಶೇ 10ರಿಂದ 25ಕ್ಕೆ ಏರಿತು. ಅಲ್ಲಿ ಮನೆ ಮನೆಯಲ್ಲಿ ಹೊಸೆಯುವ ಹೆಣ್ಣುಮಕ್ಕಳ ಸಂಖ್ಯೆ ಕಣ್ಣಿಗೆ ಕಾಣುತ್ತಿತ್ತು.

ಕೊಬ್ಬರಿ (ತಿಪಟೂರು)

ಪಾಕದಮನೆಯವರಿಗೆ ನೇರವಾಗಿ ಕೇಳುತ್ತೇನೆ. ನೀವು ಕೊಬ್ಬರಿ ಮಿಠಾಯಿಯನ್ನೂ ಮಾಡುತ್ತೀರಲ್ಲವೇ? ಅದಕ್ಕೆ ತೆಂಗಿನ ಪುಡಿ ಎಲ್ಲಿಂದ?

ಕೇಳುವ ಕಾರಣ ಹೇಳುತ್ತೇನೆ. ನಮ್ಮ ಕಡೆ ತೆಂಗಿನ ಪುಡಿ ಕಾರ್ಖಾನೆಗಳು ಇರುವುದು ದೇಶಕ್ಕೆಲ್ಲ ಗೊತ್ತು. ಬಿಸ್ಕತ್ತು, ಬೇಕರಿ, ಮಿಠಾಯಿಗೆ ಇಲ್ಲಿಂದಲೇ ಹೋಗುತ್ತದೆ. ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಶ್ರೀಲಂಕಾದ ಪುಡಿ ಅಗ್ಗಕ್ಕೆ ಬಂದು ಬೀಳುತ್ತಿದ್ದಾಗ ಇಲ್ಲಿನ ಕಾರ್ಖಾನೆಗಳು ಪಾಳಿ ಕಡಿಮೆ ಮಾಡಿದವು, ಕಾಯಿ ಸುಲಿಯುವವರಿಗೆ ಕೆಲಸ ತಪ್ಪಿತು. ಕೊನೆಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಕೆ.ಜಿ.ಗೆ 150 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು, ಅದಕ್ಕಿಂತ ಕಡಿಮೆಯದು ಬರುವಂತಿಲ್ಲ ಎಂದಿತು. ಆಗ ವಿರೋಧಿಸಿದವರು ಯಾರು? ಮಿಠಾಯಿ, ಬಿಸ್ಕತ್ತು ಮಾಡುವವರು. ನಮ್ಮ ಕಚ್ಚಾವಸ್ತು ದುಬಾರಿಯಾಯಿತು ಎಂದು ಗೋಳಿಟ್ಟರು.

2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಹರಾಜಾಗುತ್ತಿತ್ತು. ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಕೇಂದ್ರದ ಮುಂದೆ ರಾತ್ರಿ ಮಲಗಿದವರು ನಾವು. ಆಗ ಮಿಠಾಯಿಯ ಬೆಲೆ ಇಳಿಯಿತೇ? 2025ರಲ್ಲಿ ಕೊಬ್ಬರಿ 20 ಸಾವಿರ ದಾಟಿದಾಗ ಮಾತ್ರ ಎಲ್ಲರಿಗೂ ತೆಂಗು ಬೆಳೆಗಾರ ನೆನಪಾದ, ಅದೂ ಬೈಯಲು. ನಿಮ್ಮ ಪೆಪ್ಪರಮೆಂಟಿಗೆ ರಕ್ಷಣೆ ಬೇಕು, ನನ್ನ ತೆಂಗಿಗೆ ಬೇಡ, ಮಂಡ್ಯದವನ ಕಬ್ಬಿಗೆ ಬೇಡ. ಹೀಗೆಂದರೆ ಯಾರು ನಿಮ್ಮ ಮನವಿಗೆ ಸಹಿ ಹಾಕುತ್ತಾರೆ?

ಪಾಕದಮನೆ (ತುಮಕೂರು)

ಕೊಬ್ಬರಿ ಮಿಠಾಯಿಗೆ ಪುಡಿ ನಿಮ್ಮ ತಾಲ್ಲೂಕಿನದೇ, ಯಜಮಾನರೇ. ಆಮದು ಪುಡಿ ನಾನು ಮುಟ್ಟಿಲ್ಲ. 2025ರಲ್ಲಿ ದರ ಏರಿದಾಗ ಕೊಬ್ಬರಿ ಮಿಠಾಯಿ ನಿಲ್ಲಿಸಿದೆ, ಬೈಯಲಿಲ್ಲ. ಕಬ್ಬಿನ ರಕ್ಷಣೆ ತೆಗೆಯಿರಿ ಎಂದೂ ನಾನು ಎಲ್ಲೂ ಬರೆದಿಲ್ಲ, ಮೇಲೆ ಹೋಗಿ ಓದಿ. ನಾನು ಕೇಳುವುದು ಇಷ್ಟೇ: ಕಬ್ಬಿಗೆ ಕೊಟ್ಟ ರಕ್ಷಣೆಯ ಖರ್ಚನ್ನು ಇಲ್ಲಿ ಮಿಠಾಯಿ ಮಾಡುವವನು ಹೊರುವುದಾದರೆ ಹೊರಗೆ ಮಾಡಿ ತರುವವನೂ ಹೊರಲಿ. ಸಕ್ಕರೆಗೆ ಎಷ್ಟು ಸುಂಕವೋ ಸಕ್ಕರೆಯೇ ಹೆಚ್ಚಿರುವ ಮಿಠಾಯಿಗೂ ಅಷ್ಟಿರಲಿ. ತೆಂಗಿನ ಪುಡಿಗೂ ಹಾಗೆಯೇ ಮಾಡಲಿ, ಪುಡಿ ತುಂಬಿದ ಆಮದು ಬಿಸ್ಕತ್ತಿಗೂ ಅದೇ ಕನಿಷ್ಠ ಬೆಲೆ ಅನ್ವಯಿಸಲಿ. ನೀವೂ ಸಹಿ ಹಾಕಬಹುದಾದ ಮನವಿ ಅದು.

ಕೊಬ್ಬರಿ (ತಿಪಟೂರು)

ಬರೆದು ತೋರಿಸಿ. ಓದಿ ಹೇಳುತ್ತೇನೆ.

ಚಿಂತಾಮಣಿ ಗೃಹಿಣಿ

ಕೊಳ್ಳುವವರ ಮಾತೂ ಒಂದಿರಲಿ. ನನ್ನ ಮಗನಿಗೆ ಜಾತ್ರೆಯಲ್ಲಿ ಗುಲಾಬಿ ಬಣ್ಣದ ಬಾಂಬೆ ಮಿಠಾಯಿ ಕೊಡಿಸುತ್ತಿದ್ದೆ. 2024ರ ಮಾರ್ಚ್‌ನಲ್ಲಿ ಸರ್ಕಾರವೇ ಬಣ್ಣದ ಬಾಂಬೆ ಮಿಠಾಯಿ ನಿಷೇಧಿಸಿತು, ರೋಡಮೈನ್-ಬಿ ಸಿಕ್ಕಿತೆಂದು. ಅದು ಬಟ್ಟೆಗೆ ಹಾಕುವ ಬಣ್ಣವಂತೆ. ಅದು ಮಲೇಷ್ಯಾದಿಂದ ಬಂದದ್ದಲ್ಲ. ಸಂತೆಯಲ್ಲಿ ಸಿಗುವ ನಮ್ಮ ಊರಿನ ಪೆಪ್ಪರಮೆಂಟಿನ ಪೊಟ್ಟಣದ ಮೇಲೆ ಯಾರು ಮಾಡಿದರು, ಯಾವಾಗ ಮಾಡಿದರು, ಏನು ಬಣ್ಣ ಹಾಕಿದರು ಎಂದು ಒಂದಕ್ಷರ ಇರುವುದಿಲ್ಲ. ಹೊರದೇಶದ್ದರ ಮೇಲೆ ಎಲ್ಲವೂ ಇರುತ್ತದೆ. ಅಂಗಡಿಯ ಮುಂದೆ ನಿಂತಾಗ ನಾನು ಯಾವುದನ್ನು ನಂಬಲಿ?

ಪಾಕದಮನೆ (ತುಮಕೂರು)

ಅಮ್ಮ, ನಮ್ಮ ಡಬ್ಬಿಯ ಮೇಲೆ ವಿಳಾಸ, ಪರವಾನಗಿ ಸಂಖ್ಯೆ, ದಿನಾಂಕ ಎಲ್ಲ ಇವೆ. ಬಣ್ಣ ಅನುಮತಿ ಇರುವುದೇ, ಮಿತಿಯೊಳಗೇ. ಆದರೆ ಅಂಗಡಿಯವರು ಡಬ್ಬಿಯಿಂದ ತೆಗೆದು ಬಿಡಿಯಾಗಿ ಕೊಡುತ್ತಾರೆ, ನಿಮ್ಮ ಕೈಗೆ ಬರುವುದು ಬರೀ ಹಾಳೆ ಸುತ್ತಿದ ಪೆಪ್ಪರಮೆಂಟು. ವಿಳಾಸವೇ ಇಲ್ಲದೆ ಮಾಡುವವರೂ ನಮ್ಮಲ್ಲಿ ಇದ್ದಾರೆ. ಆಮದಿನವರಿಗಿಂತ ಮೊದಲು ನನ್ನ ದರ ಕೆಡಿಸಿದವರು ಅವರೇ.

ಲೆಕ್ಕದಪುಸ್ತಕ (ಕೋಲಾರ)

ಆಮದಿನ ಪೊಟ್ಟಣವನ್ನೂ ಕಣ್ಣುಮುಚ್ಚಿ ನಂಬಬೇಡಿ. ಆಮದುದಾರನ ಹೆಸರು ವಿಳಾಸ, ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ, ಸಸ್ಯಾಹಾರ ಮಾಂಸಾಹಾರದ ಗುರುತು, ಗರಿಷ್ಠ ಮಾರಾಟ ಬೆಲೆ ಇರಲೇಬೇಕು. ಮೊದಲ ಮೂರನ್ನು ಚೀಟಿಯಾಗಿ ಅಂಟಿಸಲು ಅವಕಾಶವಿದೆ. ಅವಧಿ ಮುಗಿಯುವ ದಿನಾಂಕದ ಮೇಲೆ ಚೀಟಿ ಅಂಟಿಸಿದ್ದರೆ ಅನುಮಾನಪಡಿ. ದೇಶದೊಳಗೆ ಬರುವಾಗ ಒಟ್ಟು ಅವಧಿಯಲ್ಲಿ ಶೇ 60ರಷ್ಟಾದರೂ, ಇಲ್ಲವೇ ಮೂರು ತಿಂಗಳಾದರೂ, ಎರಡರಲ್ಲಿ ಕಡಿಮೆ ಯಾವುದೋ ಅಷ್ಟು ಉಳಿದಿರಬೇಕು. ತೀರಾ ಅಗ್ಗಕ್ಕೆ ಬರುವ ಸರಕಿನಲ್ಲಿ ಅಂಚಿಗೆ ಬಂದದ್ದೂ ಇರುತ್ತದೆ. ಇನ್ನು ಗಮ್ಮಿ ಮೆತ್ತಗೆ ಬರುವುದು ಬಹುಪಾಲು ಜಿಲೆಟಿನ್‌ನಿಂದ, ಅದು ಪ್ರಾಣಿಯ ಮೂಳೆ, ಚರ್ಮದಿಂದ ತೆಗೆದದ್ದು. ಸಸ್ಯಾಹಾರಿಗಳ ಮನೆಯ ಮಕ್ಕಳು ತಿಳಿಯದೆ ತಿನ್ನುತ್ತಿವೆ. ಕಂದು ಗುರುತು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಗೌರಿಬಿದನೂರು ಹುಡುಗ

ಜಿಲೆಟಿನ್ ವಿಷಯ ನಮ್ಮ ಅಜ್ಜಿಗೆ ಹೇಳಿದೆ. ಮನೆಯಲ್ಲಿದ್ದ ಗಮ್ಮಿ ಪೊಟ್ಟಣ ತಿಪ್ಪೆ ಸೇರಿತು. ನಿಷೇಧಕ್ಕಿಂತ ಬೇಗ ಕೆಲಸ ಮಾಡಿತು.

ಚಿಗಳಿ ಅಕ್ಕ (ಮುಳಬಾಗಿಲು)

ನಾವು ಸ್ವಸಹಾಯ ಸಂಘದ ಹೆಂಗಸರು. ಹುಣಸೆಹಣ್ಣು, ಬೆಲ್ಲ, ಜೀರಿಗೆ, ಒಣಮೆಣಸಿನಕಾಯಿ, ಉಪ್ಪು ಕುಟ್ಟಿ ಕಡ್ಡಿಗೆ ಚುಚ್ಚಿ ಚಿಗಳಿ ಮಾಡುತ್ತೇವೆ, ಜೊತೆಗೆ ಕಡಲೆ ಮಿಠಾಯಿ. ಹಣ್ಣು ನಮ್ಮ ಊರಿನ ಮರಗಳದು, ಸಾಲದಿದ್ದರೆ ತುಮಕೂರು ಮಂಡಿಯಿಂದ ತರುತ್ತೇವೆ. ಹುಳಿ ಕ್ಯಾಂಡಿ ಬಂದ ಮೇಲೆ ಮಕ್ಕಳು ಚಿಗಳಿ ಬಿಡುತ್ತಾರೆ ಎಂದು ಹೆದರಿದ್ದೆವು. ಆದದ್ದು ತಿರುಗಾಮುರುಗ. ಹುಳಿಯ ರುಚಿ ಹತ್ತಿದ ಮಕ್ಕಳು ಇದನ್ನೂ ಕೇಳುತ್ತಿವೆ, ಹತ್ತು ರೂಪಾಯಿ ಎಂದರೂ ಕೊಳ್ಳುತ್ತವೆ. ಕಡಲೆ ಮಿಠಾಯಿಗೆ ಆ ಅದೃಷ್ಟವಿಲ್ಲ, ಅಲ್ಲಿ ನಮಗೆ ಎದುರಾಳಿ ಹೊರದೇಶದವರಲ್ಲ, ಯಂತ್ರದಲ್ಲಿ ಕತ್ತರಿಸಿ ಹೊಳೆಯುವ ಹಾಳೆ ಸುತ್ತಿ ಕಳಿಸುವ ದೊಡ್ಡ ಕಂಪನಿಗಳು.

ಯಂತ್ರಕ್ಕೆ ಪಿಎಂಎಫ್‌ಎಂಇ ಎಂಬ, ಕಿರು ಆಹಾರ ಘಟಕಗಳಿಗಿರುವ ಯೋಜನೆಯಲ್ಲಿ ಸಾಲ ತೆಗೆದೆವು. ಕೇಂದ್ರದ್ದು ಶೇ 35 ಸಹಾಯಧನ, ನಮ್ಮ ರಾಜ್ಯ ಇನ್ನೂ 15 ಸೇರಿಸುತ್ತದೆ, ಒಟ್ಟು ಅರ್ಧ, ಗರಿಷ್ಠ 15 ಲಕ್ಷ. ತುಮಕೂರಿಗೆ ತೆಂಗು, ನಮಗೂ ಚಿಕ್ಕಬಳ್ಳಾಪುರಕ್ಕೂ ಟೊಮೆಟೊ ಎಂದು ಜಿಲ್ಲೆಗೊಂದು ಉತ್ಪನ್ನ ಗುರುತಿಸಿದ್ದಾರೆ. ಬೇರೆ ತಿನಿಸು ಮಾಡುವವರಿಗೂ ಸಿಗುತ್ತದೆ, ಟೊಮೆಟೊ ಅಲ್ಲವೆಂದು ನಮ್ಮನ್ನು ಯಾರೂ ತಿರುಗಿ ಕಳಿಸಲಿಲ್ಲ. ಬ್ಯಾಂಕಿನಲ್ಲಿ ಮಾತ್ರ ಓಡಾಡಿಸಿದರು. ಅಣ್ಣಾ, ಪೆಪ್ಪರಮೆಂಟು ಸುತ್ತುವ ಯಂತ್ರಕ್ಕೆ ನೀವೂ ಹಾಕಬಹುದಲ್ಲ?

ಪಾಕದಮನೆ (ತುಮಕೂರು)

ಹಾಕಬಹುದು ಅಕ್ಕ. ಯಂತ್ರ ಬಂದರೆ ಸುತ್ತುವ ಆರು ಹೆಣ್ಣುಮಕ್ಕಳಿಗೆ ಏನು ಹೇಳಲಿ ಎಂಬಲ್ಲಿ ನಿಂತಿದ್ದೇನೆ. ಅಪ್ಪನ ಕಾಲದಿಂದ ಇರುವವರು ಅವರಲ್ಲಿ ಇಬ್ಬರು.

ರೇಷ್ಮೆಗೂಡು (ಶಿಡ್ಲಘಟ್ಟ)

ಪೊಟ್ಟಣ ತುಂಬುವ ಕೆಲಸಕ್ಕೆ ಹಾಕಿ. ಬಿಡಿ ಮಾರಾಟ ಬಿಟ್ಟು ಐದು ರೂಪಾಯಿಯ ಪೊಟ್ಟಣ ಮಾಡಿದರೆ ಅದಕ್ಕೂ ಕೈ ಬೇಕೇ ಬೇಕು. ಚಿಂತಾಮಣಿಯ ಅಕ್ಕ ಕೇಳಿದ ವಿಳಾಸ, ದಿನಾಂಕವೂ ಅದರ ಮೇಲೆ ಬರುತ್ತದೆ.

ಮಂಡಿಪೇಟೆ ಸಗಟು

ಇದನ್ನೇ ನಾನು ಹೇಳಬೇಕೆಂದಿದ್ದೆ. ಐದು ರೂಪಾಯಿಗೆ ಆರು ಶುಂಠಿ ಪೆಪ್ಪರಮೆಂಟು ಇರುವ ಪೊಟ್ಟಣ, ಹಾಳೆಸಾಲಿನಲ್ಲಿ ನೇತುಹಾಕುವ ಹಾಗೆ ಮಾಡಿ. ಅಂಗಡಿಯವನಿಗೆ ಒಂದೂಕಾಲು ರೂಪಾಯಿ ಉಳಿಯಬೇಕು, ಅದಕ್ಕಿಂತ ಕಡಿಮೆಯಾದರೆ ಅವನು ಕೈ ಹಾಕುವುದಿಲ್ಲ. ಶುಂಠಿ, ಜೀರಿಗೆ ದೊಡ್ಡವರೂ ಕೇಳುತ್ತಾರೆ. ಬಸ್ ನಿಲ್ದಾಣದ ಅಂಗಡಿಗಳಲ್ಲಿ, ಎಡೆಯೂರು, ದೇವರಾಯನದುರ್ಗದ ದಾರಿಯಲ್ಲಿ ಹೋಗುತ್ತದೆ. ಕಿತ್ತಳೆ ತೊಳೆ ತರಬೇಡಿ, ಅಲ್ಲಿ ಜೆಲ್ಲಿಯ ಎದುರು ನಿಲ್ಲುವುದಿಲ್ಲ.

ಪಾಕದಮನೆ (ತುಮಕೂರು)

ಉದ್ದರಿ?

ಮಂಡಿಪೇಟೆ ಸಗಟು

ಮೊದಲ ಎರಡು ಸರಕಿಗೆ ಕೈಗೆ ಕೈ ಹಣ. ಆಮೇಲೆ ಹದಿನೈದು ದಿನ. ಮಳೆಗಾಲದಲ್ಲಿ ಅಂಟಿಕೊಂಡದ್ದು ಅರ್ಧ ನಿಮ್ಮದು, ಅರ್ಧ ನನ್ನದು.

ಕೊಬ್ಬರಿ (ತಿಪಟೂರು)

ಈ ಮಾತನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಮತ್ತು ಆ ಮನವಿಯ ಕರಡು ಇನ್ನೂ ಬಂದಿಲ್ಲ.

ಪಾಕದಮನೆ (ತುಮಕೂರು)

ಭಾನುವಾರ ಹಾಕುತ್ತೇನೆ ಯಜಮಾನರೇ. ಲೆಕ್ಕದಪುಸ್ತಕದವರೇ, ಮಿಠಾಯಿಯ ಎಂಟು ಅಂಕಿಯ ಸುಂಕ ಸಂಕೇತಗಳಲ್ಲಿ ಯಾವ ಯಾವುದನ್ನು ಹೆಸರಿಸಬೇಕು ಎಂದು ಪಟ್ಟಿ ಕೊಟ್ಟರೆ ಉಪಕಾರ. ಮಲೇಷ್ಯಾ, ಇಂಡೋನೇಷ್ಯಾ ಇರುವ ಆಸಿಯಾನ್ ಕೂಟದ ಜೊತೆಗಿನ ವ್ಯಾಪಾರ ಒಪ್ಪಂದದಲ್ಲಿ ಯಾವುದಕ್ಕೆ ರಿಯಾಯಿತಿ ಇದೆ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.

ಲೆಕ್ಕದಪುಸ್ತಕ (ಕೋಲಾರ)

ಕೊಡುತ್ತೇನೆ. ಅದಕ್ಕೂ ಮೊದಲು ನಿಮ್ಮ ಡಬ್ಬಿ ಮತ್ತು ಹಾಳೆಯ ಖರೀದಿ ಬಿಲ್ಲುಗಳನ್ನು ಹುಡುಕಿ ಇಡಿ. ಮರುಪಾವತಿ ಅರ್ಜಿಗೆ ಎರಡು ವರ್ಷದ ಗಡುವಿದೆ, ಅದು ಸುಮ್ಮನೆ ಕಳೆದುಹೋಗುವುದು ಬೇಡ.